ಎಡಗೈ ಊಟಕ್ಕೆ ಅಡ್ಡಿಯಿಲ್ಲ ಎಂದವರಿಗೆ

ಹೃದ್ರೋಗ ಆಸ್ಪತ್ರೆಯ ದೂರು ಪರಿಹಾರಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನನ್ನ ಅಕ್ಕ ಎಡಗೈಯಲ್ಲಿ ಊಟ ಮಾಡಬಹುದು ಎಂದು ತಾವು ಲಿಖಿತ ಅನುಮತಿ ಕೊಟ್ಟಿದ್ದೀರಿ. ದೊಡ್ಡ ಉಪಕಾರ. ಅರವತ್ತೊಂದು ವರ್ಷದಿಂದ ಆಕೆ ಯಾರ ಅಪ್ಪಣೆಯೂ ಇಲ್ಲದೆ ಎಡಗೈಯಲ್ಲೇ ಉಣ್ಣುತ್ತಿದ್ದಳು, ಈಗ ಅದಕ್ಕೊಂದು ಮೊಹರು ಬಿತ್ತು. ಆದರೆ ನಾವು ಕೇಳಿದ್ದು ಅದನ್ನಲ್ಲ. ತಮ್ಮ ಆಸ್ಪತ್ರೆಯಲ್ಲಿ ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡು ಬಂದ ಹನ್ನೆರಡನೆಯ ದಿನ ಆಕೆಯ ಎಡಗೈ ಊದಿಕೊಂಡಿದೆ, ಏನು ಮಾಡಬೇಕು ಎಂದು ಕೇಳಿದ್ದೆವು. ನಾವು ಊತ ಎಂದೆವು, ತಾವು ಊಟ ಎಂದು ಬರೆದುಕೊಂಡಿರಿ. ಆ ಒಂದು ಅಕ್ಷರ ತಮ್ಮ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಒಂಬತ್ತು ದಿನ ಸುತ್ತಾಡಿತು. ಅಷ್ಟು ದಿನವೂ ಅಕ್ಕನ ಭುಜದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿತ್ತು. ಈ ಪತ್ರವನ್ನು ತಮ್ಮ ದೂರು ಪೆಟ್ಟಿಗೆಗೆ ಹಾಕದೆ ಎಲ್ಲರೂ ಓದುವ ಹಾಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಪೆಟ್ಟಿಗೆಗೆ ಹಾಕಿದ ಎರಡು ಪತ್ರಗಳು ಈಗಾಗಲೇ ವಾಪಸು ಬಂದಿವೆ. ಯಾಕೆ ಬಂದವು ಎಂಬುದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ಓದುವವರು ನಾನು ಕತೆ ಕಟ್ಟುತ್ತಿದ್ದೇನೆ ಎಂದುಕೊಂಡಾರು.

ನಾನು ಮೂವತ್ತೊಂದು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಅಚ್ಚಿಗೆ ಹೋಗುವ ಮುಂಚೆ ಪ್ರತಿ ಪುಟ ಓದಿ, ಬಿದ್ದುಹೋದ ಕೊಂಬು, ಜಾರಿಹೋದ ಒತ್ತು, ಎರಡು ಸಲ ಬಂದ ಸಾಲು ಇವನ್ನೆಲ್ಲ ಹಿಡಿದು ಅಂಚಿನಲ್ಲಿ ಗುರುತು ಹಾಕುವುದು ನನ್ನ ಕೆಲಸವಾಗಿತ್ತು. ಅಲ್ಲಿ ಎಲ್ಲರೂ ಬೆನ್ನ ಹಿಂದೆ ನನ್ನನ್ನು ಒತ್ತಕ್ಷರದಮ್ಮ ಎನ್ನುತ್ತಿದ್ದರು, ನಿವೃತ್ತಿಯ ದಿನ ಎದುರಿಗೇ ಅಂದರು. ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಗೋಡೆಯುದ್ದಕ್ಕೂ ಬಟ್ಟೆ ಕತ್ತರಿಸುವ ಮೇಜು, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಕನ್ನಡಿಯ ಮೇಲುಗಡೆ ಮೊಳೆಯಲ್ಲಿ ನೇತಾಡುವ ಅವಳ ಕತ್ತರಿ. ಅದು ಎಡಗೈಯವರಿಗೆಂದೇ ಮಾಡಿಸಿದ ಕತ್ತರಿ, ಅಲಗುಗಳು ಅದಲುಬದಲು. ನನ್ನಂಥವರು ಬಲಗೈಯಲ್ಲಿ ಹಿಡಿದರೆ ಬಟ್ಟೆ ಕತ್ತರಿಸುವುದೇ ಇಲ್ಲ, ಎರಡು ಅಲಗಿನ ನಡುವೆ ಮಡಚಿಕೊಂಡು ಕೂತುಬಿಡುತ್ತದೆ. ನಲವತ್ತು ವರ್ಷ ಆ ಕತ್ತರಿ ನಮ್ಮಿಬ್ಬರಿಗೂ ಅನ್ನ ಹಾಕಿದೆ. ಮದುವೆಯಾಗದ ತಂಗಿ ನಾನು, ಗಂಡ ತೀರಿಕೊಂಡ ಅಕ್ಕ ಅವಳು. ಮನೆಯಲ್ಲಿ ಮೂರನೆಯವರಿಲ್ಲ, ಜಗಳಕ್ಕೆ ಮಾತ್ರ ಕೊರತೆಯಿಲ್ಲ.

ನಾಲ್ಕು ತಿಂಗಳ ಹಿಂದೆ ಅಕ್ಕ ಒಬ್ಬ ಗಿರಾಕಿಯ ಸೊಂಟದ ಅಳತೆ ತೆಗೆಯುತ್ತಾ ಟೇಪು ಹಿಡಿದುಕೊಂಡೇ ಕುಸಿದಳು. ನಾಡಿ ನಿಮಿಷಕ್ಕೆ ಮೂವತ್ತೆಂಟು. ತಮ್ಮ ಆಸ್ಪತ್ರೆಯ ವೈದ್ಯರು ನೋಡಿ, ಪೇಸ್‌ಮೇಕರ್ ಹಾಕಲೇಬೇಕು ಎಂದರು, ಹಾಕಿದರು. ಅವಳು ಬದುಕಿದಳು. ಅದಕ್ಕೆ ನಾನು ಕೈಮುಗಿಯುತ್ತೇನೆ, ಇದರಲ್ಲಿ ವ್ಯಂಗ್ಯವೇನೂ ಇಲ್ಲ. ಆ ವೈದ್ಯರ ಮೇಲೆ ನನ್ನ ದೂರೂ ಇಲ್ಲ. ಎದೆಯ ಎಡಭಾಗದಲ್ಲಿ, ಚರ್ಮದ ಕೆಳಗೆ ಒಂದು ಪುಟ್ಟ ಡಬ್ಬಿ. ಅದರಿಂದ ತಂತಿಗಳು ಭುಜದ ಕೆಳಗಿನ ರಕ್ತನಾಳದೊಳಗೆ ಇಳಿದು ಹೃದಯಕ್ಕೆ ಹೋಗುತ್ತವೆ. ಸಾಮಾನ್ಯವಾಗಿ ರೋಗಿ ಯಾವ ಕೈಯಲ್ಲಿ ಹೆಚ್ಚು ಕೆಲಸ ಮಾಡುತ್ತಾರೋ ಅದರ ಎದುರು ಭಾಗದಲ್ಲಿ ಡಬ್ಬಿ ಇಡುತ್ತಾರಂತೆ. ಇದು ನನಗೆ ಗೊತ್ತಾಗಿದ್ದು ಆಮೇಲೆ. ಅಕ್ಕ ಹಾಸಿಗೆಯಲ್ಲಿ ಕೂತು ಎಡಗೈಯಲ್ಲಿ ಚಮಚ ಎತ್ತಿದ್ದನ್ನು ನೋಡಿ ವೈದ್ಯರೇ ಗಾಬರಿಯಾದರು. "ನೀವು ಎಡಗೈನವರಾ? ಫಾರಂನಲ್ಲಿ ಬಲಗೈ ಅಂತಿದೆಯಲ್ಲ!"

ಫಾರಂ! ಮಾನ್ಯರೇ, ಆ ಫಾರಂ ಬಗ್ಗೆ ಎರಡು ಮಾತು. ದಾಖಲಾತಿ ಕೌಂಟರಿನಲ್ಲಿ ಕೊಡುವ ಮೂರು ಪುಟದ ಆ ಫಾರಮ್ಮಿನಲ್ಲಿ ಹದಿನಾಲ್ಕನೆಯ ಕಾಲಂ ಇದನ್ನೇ ಕೇಳುತ್ತದೆ: ರೋಗಿ ಕೆಲಸಕ್ಕೆ ಬಳಸುವ ಕೈ ಯಾವುದು, ಬಲವೋ ಎಡವೋ. ಒಳ್ಳೆಯ ಪ್ರಶ್ನೆ. ಕೇಳಿದವರು ಉತ್ತರವನ್ನೂ ತಾವೇ ಕೊಟ್ಟುಕೊಂಡಿದ್ದಾರೆ. ಬಲ ಎಂಬುದರ ಮುಂದೆ ಟಿಕ್ ಗುರುತು ಅಚ್ಚಾಗಿಯೇ ಬರುತ್ತದೆ. ಆಮೇಲೆ ನಾನು ಆ ಕೌಂಟರಿಗೆ ಹೋಗಿ ವಿಚಾರಿಸಿದಾಗ ಅಲ್ಲಿನ ಗುಮಾಸ್ತರು ನನ್ನ ಅಜ್ಞಾನಕ್ಕೆ ಮರುಗಿದರು. "ಅಮ್ಮಾ, ಬರೋರೆಲ್ಲ ಬಲಗೈನವರೇ ಇರ್ತಾರೆ. ದಿನಕ್ಕೆ ಅರವತ್ತು ಫಾರಂ ನಮಗೆ. ಪ್ರತಿಯೊಬ್ಬರನ್ನೂ ಕೇಳ್ತಾ ಕೂತ್ರೆ ಆಗುತ್ತಾ? ಅದಕ್ಕೇ ಟಿಕ್ ಸಮೇತ ಪ್ರಿಂಟ್ ಹಾಕ್ಸಿದ್ದೀವಿ." ಎಂಥ ತಲೆ! ಹಾಗಾದರೆ ರೋಗಿಯ ಲಿಂಗ, ವಯಸ್ಸು, ಕಾಯಿಲೆ ಇವನ್ನೂ ಅಚ್ಚು ಹಾಕಿಸಿಬಿಡಬಹುದಲ್ಲ? ರೋಗಿ ಬರುವ ಮುಂಚೆಯೇ ಗುಣಮುಖರಾಗಿ ಮನೆಗೆ ಹೋದರು ಎಂದು ಕೊನೆಯ ಪುಟದಲ್ಲಿ ಅಚ್ಚು ಹಾಕಿಸಿದರೆ ಹಾಸಿಗೆಗಳ ಖರ್ಚೂ ಉಳಿಯುತ್ತದೆ.

ಇನ್ನೊಂದು ಸಂಗತಿ. ಅಕ್ಕ ಆ ಫಾರಮ್ಮಿಗೆ ಸಹಿ ಹಾಕಿದ್ದು ಅದೇ ಗುಮಾಸ್ತರ ಕಣ್ಣೆದುರು, ಎಡಗೈಯಲ್ಲಿ. ಎಡಗೈಯಲ್ಲಿ ಬರೆಯುವವರ ಅಂಗೈ ಬರೆದದ್ದರ ಮೇಲೆಯೇ ಸರಿದು ಹೋಗುತ್ತದೆ, ಹಸಿ ಮಸಿ ಹರಡಿಕೊಳ್ಳುತ್ತದೆ. ಗುಮಾಸ್ತರು ಅದನ್ನೂ ನೋಡಿದರು. "ಅಮ್ಮಾ, ಕೈ ಹುಷಾರು, ಮಸಿ ಒರೆಸಿಹೋಗ್ತಿದೆ" ಎಂದು ಕಾಗದವನ್ನು ಓರೆಯಾಗಿ ತಿರುಗಿಸಿಕೊಟ್ಟರು. ಒಳ್ಳೆಯ ಮನುಷ್ಯ, ಇಲ್ಲ ಅನ್ನುವುದಿಲ್ಲ. ಕಾಗದದ ಮೇಲೆ ಅವರಿಗೆ ಎಷ್ಟು ಕಾಳಜಿ ನೋಡಿ.

ಹನ್ನೆರಡನೆಯ ದಿನ ಬೆಳಿಗ್ಗೆ ಅಕ್ಕ ಮುಂದಿನ ಕೋಣೆಯಿಂದ ಕೂಗಿದಳು. "ಲೇ, ನನ್ನ ಬೆರಳುಟೊಪ್ಪಿ ಯಾರೇ ಚಿಕ್ಕದು ಮಾಡಿದ್ದು?" ಸೂಜಿ ಚುಚ್ಚದಿರಲಿ ಎಂದು ಬೆರಳಿಗೆ ಹಾಕಿಕೊಳ್ಳುವ ಲೋಹದ ಪುಟ್ಟ ಟೊಪ್ಪಿ ಅದು. ಅಷ್ಟು ವರ್ಷದಿಂದ ಹಾಕಿದ್ದು ಇವತ್ತು ಬೆರಳಿಗೆ ಇಳಿಯುತ್ತಿಲ್ಲ. ಹೋಗಿ ನೋಡಿದರೆ ಬೆರಳುಗಳು ದಪ್ಪಗಾಗಿವೆ, ಮೊಣಕೈಯ ಮೇಲಕ್ಕೆ ಚರ್ಮ ಬಿಗಿದು ಮಿರುಗುತ್ತಿದೆ, ಬಣ್ಣ ಸ್ವಲ್ಪ ನೀಲಿ. ಭುಜದ ಮುಂದೆ ನಾನು ಯಾವತ್ತೂ ಕಾಣದ ನರಗಳು ಎದ್ದು ಕಾಣುತ್ತಿವೆ. "ನೋವಿದೆಯಾ?" ಅಂದೆ. "ನೋವಲ್ಲ ಕಣೇ, ಭಾರ. ಯಾರದೋ ಕೈ ತಂದು ನನಗೆ ತಗುಲಿಸಿದ ಹಾಗಿದೆ" ಅಂದಳು.

ತಾವು ರೋಗಿಗಳಿಗಾಗಿ ಒಂದು ಸಹಾಯವಾಣಿ ಇಟ್ಟಿದ್ದೀರಿ. ಅದಕ್ಕೆ ಫೋನು ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಣ್ಣುಮಗಳು ಎತ್ತಿಕೊಂಡಳು. ರೋಗಿಯ ಸಂಖ್ಯೆ ಹೇಳಿದೆ. ಪೇಸ್‌ಮೇಕರ್ ಹಾಕಿದ ಮೇಲೆ ಎಡಗೈ ಊತ ಜಾಸ್ತಿಯಾಗಿದೆ ಎಂದೆ. ಅವಳು ಟೈಪು ಮಾಡುವ ಸದ್ದು ಕೇಳಿಸುತ್ತಿತ್ತು. "ನೋಂದಾಯಿಸಿದ್ದೀನಿ ಮೇಡಂ, ಸಂಬಂಧಪಟ್ಟ ವಿಭಾಗದವರು ಕರೆ ಮಾಡ್ತಾರೆ" ಎಂದಳು. ಮೂವತ್ತೊಂದು ವರ್ಷ ಕರಡು ತಿದ್ದಿದ ನನಗೆ, ಏನು ಬರೆದುಕೊಂಡೆ ಓದಿ ಹೇಳಮ್ಮಾ ಎಂದು ಕೇಳಬೇಕೆಂದು ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಸಂಬಂಧಪಟ್ಟ ವಿಭಾಗದವರು ಕರೆ ಮಾಡಿದರು. ಆ ಮಾತುಕತೆಯನ್ನು ನಾನು ಒಂದಕ್ಷರ ಬಿಡದೆ ಇಲ್ಲಿ ಕೊಡುತ್ತೇನೆ, ತಮ್ಮ ದಾಖಲೆಗೆ ಉಪಯೋಗವಾದೀತು.

"ನಮಸ್ಕಾರ ಮೇಡಂ, ಆಹಾರ ವಿಭಾಗದಿಂದ. ಊಟ ಜಾಸ್ತಿ ಆಗಿದೆ ಅಂತ ದೂರು ಕೊಟ್ಟಿದ್ರಂತೆ."

"ಯಾರ ಊಟ?"

"ನಿಮ್ಮ ಅಕ್ಕನವರದ್ದು. ಇಲ್ಲಿ 'ಎಡಗೈ ಊಟ ಜಾಸ್ತಿಯಾಗಿದೆ' ಅಂತ ಇದೆ. ಎಡಗೈಯಲ್ಲಿ ಊಟ ಮಾಡ್ತಾರಾ ಅವರು?"

"ಹೌದು, ಆದರೆ..."

ಪಕ್ಕದಲ್ಲಿ ಕೂತಿದ್ದ ಅಕ್ಕ ಕಣ್ಣರಳಿಸಿದಳು. "ನಾನು ಎಡಗೈಲಿ ಉಣ್ಣೋದು ಇವರಿಗೆ ಯಾರೇ ಹೇಳಿದ್ದು? ನೀನಾ?"

"ಅಮ್ಮಾ, ಊಟ ಅಲ್ಲ, ಊತ. ಕೈ ಊದಿದೆ. ಬಾವು ಬಂದಿದೆ" ಎಂದು ನಾನು ಫೋನಿಗೆ ಹೇಳಿದೆ.

"ಓ, ಬಾವಾ? ಅದು ನಮ್ಮ ವಿಭಾಗ ಬರಲ್ಲ ಮೇಡಂ. ಹೊಸ ದೂರು ಕೊಡಿ."

ಹೊಸ ದೂರು ಕೊಡಲು ಹೋದರೆ ಸಹಾಯವಾಣಿ ಒಪ್ಪಲಿಲ್ಲ. ಒಬ್ಬ ರೋಗಿಯ ಹೆಸರಿನಲ್ಲಿ ಒಂದು ದೂರು ಬಾಕಿಯಿರುವಾಗ ಇನ್ನೊಂದು ನೋಂದಾಯಿಸಲು ಬರುವುದಿಲ್ಲವಂತೆ. ಹಳೆಯದನ್ನು ತಿದ್ದಲೂ ಬರುವುದಿಲ್ಲವಂತೆ. ಅದು ಇತ್ಯರ್ಥವಾಗಬೇಕು, ಅದಕ್ಕೆ ಏಳು ಕೆಲಸದ ದಿನ. ಆ ಇತ್ಯರ್ಥದ ಪತ್ರ ತಮ್ಮ ಮೊಹರಿನೊಂದಿಗೆ ಬಂದಿತು: "ರೋಗಿಯು ಎಡಗೈಯಲ್ಲಿ ಊಟ ಮಾಡಲು ವೈದ್ಯಕೀಯ ಅಡ್ಡಿಯಿರುವುದಿಲ್ಲ. ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತತಕ್ಕದ್ದಲ್ಲ. ಉಪ್ಪು ಕಡಿಮೆ ಮಾಡುವುದು. ದೂರು ತೃಪ್ತಿಕರವಾಗಿ ಇತ್ಯರ್ಥಗೊಂಡಿದೆ." ಯಾರ ತೃಪ್ತಿ, ಮಾನ್ಯರೇ? ಬಾಯಿ ಭುಜಕ್ಕಿಂತ ಮೇಲಿದೆ ಎಂಬುದನ್ನಾದರೂ ಸಹಿ ಹಾಕುವ ಮುಂಚೆ ಒಮ್ಮೆ ಮುಟ್ಟಿ ನೋಡಿಕೊಳ್ಳಬಾರದಿತ್ತೆ? ಒಂದು ವಿಷಯ ಮಾತ್ರ ಒಪ್ಪಿಕೊಳ್ಳಬೇಕು. ತಮ್ಮ ಇಡೀ ಆಸ್ಪತ್ರೆಯಲ್ಲಿ ನನ್ನ ಅಕ್ಕ ಎಡಗೈಯವಳು ಎಂಬ ಸತ್ಯ ಸರಿಯಾಗಿ ದಾಖಲಾಗಿರುವುದು ಆಹಾರ ವಿಭಾಗವೊಂದರಲ್ಲೇ.

ಪತ್ರ ಬರುವವರೆಗೆ ನಾವೇನು ಕೈಕಟ್ಟಿ ಕೂತಿದ್ದೆವೇ ಎಂದು ತಾವು ಕೇಳಬಹುದು. ಇಲ್ಲ. ಊತ ಬಂದ ನಾಲ್ಕನೆಯ ದಿನ ಖುದ್ದು ತಮ್ಮಲ್ಲಿಗೆ ಬಂದೆವು. ಪೇಸ್‌ಮೇಕರ್ ತಪಾಸಣೆ ಕೊಠಡಿಗೆ ಕಳಿಸಿದರು. ಅಲ್ಲಿನ ತಂತ್ರಜ್ಞರು ಅಕ್ಕನ ಎದೆಯ ಮೇಲೆ ಒಂದು ಬಿಲ್ಲೆ ಇಟ್ಟು ಪರದೆ ನೋಡಿದರು. ಮುಖದಲ್ಲಿ ಎಂಥ ಸಂತೋಷ! "ಯಂತ್ರ ಫಸ್ಟ್ ಕ್ಲಾಸಾಗಿದೆ ಅಮ್ಮಾ. ಬ್ಯಾಟರಿ ಹನ್ನೊಂದು ವರ್ಷ ಬರುತ್ತೆ." ಕೈ ನೋಡಪ್ಪಾ ಎಂದೆ. "ಕೈ ನಮಗೆ ಬರಲ್ಲ ಮೇಡಂ, ನಾವು ಯಂತ್ರ ಮಾತ್ರ." ಅಕ್ಕ ತನ್ನ ಕೈಯನ್ನು ಅವರ ಮೇಜಿನ ಮೇಲೆ ಇಟ್ಟಳು, ಅಳತೆಗೆ ತಂದ ಬಟ್ಟೆಯ ಗಂಟು ಇಡುವ ಹಾಗೆ. ಅವರು ಅದನ್ನು ಮುಟ್ಟದೆ, ಪಕ್ಕದಲ್ಲಿದ್ದ ಕಾಗದಗಳನ್ನು ಎತ್ತಿಕೊಂಡರು. "ಹೊಲಿಗೆ ಹಾಕಿದ ಮೇಲೆ ಸ್ವಲ್ಪ ಊತ ಇರುತ್ತೆ, ಸಹಜ" ಎಂದರು. ಹೊಲಿಗೆಯ ವಿಷಯ ಅಕ್ಕನಿಗೇ ಹೇಳಿದರು! ನಮ್ಮ ಬೀದಿಯ ವೈದ್ಯರ ಬಳಿ ಹೋದರೆ ಅವರು ಎದೆಯ ಗಾಯ ನೋಡಿದ್ದೇ ಕೈ ಹಿಂದೆಗೆದುಕೊಂಡರು. ಯಂತ್ರ ಹಾಕಿದವರೇ ನೋಡಬೇಕಮ್ಮಾ, ನಾವು ಮುಟ್ಟಿದರೆ ನಾಳೆ ಅವರು ನಮ್ಮ ಮೇಲೆ ಹಾಕುತ್ತಾರೆ ಎಂದರು. ಅದೂ ನಿಜವೇ.

ಸಹಜ ಎಂಬ ಆ ಪದವನ್ನು ನಾನು ನಂಬಿದೆ. ಅಕ್ಕ ಎರಡು ಸಲ ಇದು ಸರಿಯಿಲ್ಲ ಕಣೇ ಎಂದಾಗ ನಾನೇ ಗದರಿದೆ. "ತಿಳಿದವರು ಸಹಜ ಅಂದಿದ್ದಾರಲ್ಲ, ಸುಮ್ನಿರು."

ಅಕ್ಕ ಸುಮ್ಮನಿರಲಿಲ್ಲ. ಅವಳದ್ದೊಂದು ಅಳತೆ ಪುಸ್ತಕವಿದೆ, ರಟ್ಟಿನ ಹೊದಿಕೆಯ ಉದ್ದ ಪುಸ್ತಕ. ಗಿರಾಕಿಗಳ ಎದೆ, ಸೊಂಟ, ತೋಳು ಎಲ್ಲ ಅದರಲ್ಲಿರುತ್ತದೆ. ನನಗೆ ಹೇಳದೆ ಆಕೆ ಅದರ ಒಂದು ಹೊಸ ಹಾಳೆಯಲ್ಲಿ ತನ್ನದೇ ತೋಳುಗಳ ಅಳತೆ ಬರೆದಿಡತೊಡಗಿದ್ದಳು. ದಿನಾ ಬೆಳಿಗ್ಗೆ ಒಂದು ಸಲ, ಮೊಣಕೈಯಿಂದ ಐದಿಂಚು ಮೇಲೆ. ಬಲ ಹನ್ನೊಂದು, ಎಡ ಹನ್ನೆರಡು. ಬಲ ಹನ್ನೊಂದು, ಎಡ ಹನ್ನೆರಡೂವರೆ. ಎಡಗೈ ಬಿಗಿದಿದ್ದರಿಂದ ಬಲಗೈಯಲ್ಲಿ ಬರೆದ ಅಂಕಿಗಳು, ಒಂದೊಂದೂ ಒಂದೊಂದು ಕಡೆ ವಾಲಿದ್ದವು. ಒಂಬತ್ತನೆಯ ದಿನದ ಸಾಲು: ಬಲ ಹನ್ನೊಂದು, ಎಡ ಹದಿಮೂರೂವರೆ. ಆ ದಿನ ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟಳು. "ಒಂದು ತೋಳು ದೊಡ್ಡದು ಒಂದು ಚಿಕ್ಕದು ಹೊಲಿದುಕೊಟ್ರೆ ಗಿರಾಕಿ ನನ್ನ ಮುಖಕ್ಕೆ ಎಸೀತಾರೆ. ಇವರು ನನಗೇ ಹಾಗೆ ಮಾಡಿ ಕಳಿಸಿದ್ದಾರೆ. ನಾನು ಯಾರ ಮುಖಕ್ಕೆ ಎಸೀಲಿ, ಹೇಳು" ಎಂದಳು. ನನಗೆ ನಗು ಬಂತು, ಅಳುವೂ ಬಂತು. ಅವಳೂ ಅತ್ತಳು. ಹತ್ತು ನಿಮಿಷದಲ್ಲಿ ತಮ್ಮ ಆಸ್ಪತ್ರೆಗೆ ಹೊರಟೆವು.

ಈ ಸಲ ಯಾವ ಕೌಂಟರಿಗೂ ಹೋಗಲಿಲ್ಲ. ಸ್ಕ್ಯಾನಿಂಗ್ ಕೊಠಡಿಯ ಹೊರಗಿನ ಬೆಂಚಿನಲ್ಲಿ ಕೂತೆವು. ಯುವ ವೈದ್ಯೆಯೊಬ್ಬರು ಮುಂದಿನ ರೋಗಿಯನ್ನು ಕರೆಯಲು ಬಾಗಿಲಿಗೆ ಬಂದಾಗ ಅಕ್ಕ ಎದ್ದು, ಪುಸ್ತಕ ತೆರೆದು ಅವರ ಮುಂದೆ ಹಿಡಿದಳು. ಆಕೆ ಓದಿದರು. "ಈ ಅಳತೆ ಯಾರು ತಗೊಂಡಿದ್ದು?"

"ನಾನೇ ಕಣಮ್ಮಾ. ನಲವತ್ತು ವರ್ಷದಿಂದ ತಗೊಳ್ತಿದ್ದೀನಿ, ಕಾಲಿಂಚು ತಪ್ಪಿಲ್ಲ."

"ಎರಡೂ ಕೈ ಒಟ್ಟಿಗೆ ಚಾಚಿ." ಚಾಚಿದಳು. "ಒಳಗೆ ಬನ್ನಿ. ಈಗಲೇ."

ಒಂಬತ್ತು ದಿನದಲ್ಲಿ ಅಕ್ಕನ ಎರಡು ಕೈಗಳನ್ನು ಒಟ್ಟಿಗೆ ನೋಡಿದ ಮೊದಲ ವ್ಯಕ್ತಿ ಆಕೆ. ಅದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಯಂತ್ರ ಬೇಕಾದದ್ದು ಆಮೇಲೆ. ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಪೇಸ್‌ಮೇಕರಿನ ತಂತಿಗಳು ಹಾದುಹೋಗುವ ನಾಳದಲ್ಲೇ ರಕ್ತ ಹೆಪ್ಪುಗಟ್ಟಿದೆ, ತೋಳಿನಿಂದ ರಕ್ತ ವಾಪಸು ಹೋಗಲು ದಾರಿಯಿಲ್ಲ, ಆ ಹೆಪ್ಪಿನ ತುಣುಕು ಕಿತ್ತು ಶ್ವಾಸಕೋಶಕ್ಕೆ ಹೋಗಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು. ಅಂದೇ ರಕ್ತ ತೆಳುವಾಗಿಸುವ ಔಷಧ ಶುರುವಾಯಿತು. ಅಕ್ಕ ಮಂಚದ ಮೇಲೆ ಮಲಗಿಕೊಂಡೇ ಕೇಳಿದ್ದು ಒಂದೇ ಪ್ರಶ್ನೆ: "ಕತ್ತರಿ ಹಿಡೀಬಹುದಾ?"

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು, ಹೇಳದಿದ್ದರೆ ತಮಗೂ ನನಗೂ ವ್ಯತ್ಯಾಸ ಉಳಿಯುವುದಿಲ್ಲ. ಹೆಪ್ಪುಗಟ್ಟಿದ್ದು ಯಾರ ತಪ್ಪೂ ಅಲ್ಲ. ರಕ್ತನಾಳದೊಳಗೆ ತಂತಿ ಇಳಿಸಿದಾಗ ಕೆಲವರಿಗೆ ಹೀಗಾಗುತ್ತದೆ, ಡಬ್ಬಿಯನ್ನು ಬಲಭಾಗದಲ್ಲಿ ಇಟ್ಟಿದ್ದರೆ ಬಲಗೈಗೂ ಆಗಬಹುದಿತ್ತು ಎಂದು ಆ ವೈದ್ಯೆಯೇ ಹೇಳಿದರು. ಒಪ್ಪಿದೆ. ಬಲಗೈ ಊದಿದ್ದರೆ ಅಕ್ಕ ಎಡಗೈಯಲ್ಲಿ ಕತ್ತರಿಸುತ್ತಾ, ಬಲಗೈಯನ್ನು ಬೈಯುತ್ತಾ ಇರುತ್ತಿದ್ದಳು. ತನ್ನ ಅನ್ನದ ಕೈಯ ಕಡೆಗೆ ಯಂತ್ರ ಬೇಡ ಎಂದು ಹೇಳುವ ಒಂದು ಅವಕಾಶ ಅವಳಿಗಿತ್ತು, ಅದನ್ನು ತಾವು ಅಚ್ಚಿನಲ್ಲೇ ಕಿತ್ತುಕೊಂಡಿರಿ. ಆಮೇಲೆ ಒಂಬತ್ತು ದಿನ. ರಕ್ತ ತಾನಾಗಿ ಹೆಪ್ಪುಗಟ್ಟಿತು, ಸರಿ. ಒಂಬತ್ತು ದಿನ ತಾನಾಗಿ ಕಳೆಯಿತೇ? ಮೊದಲ ದಿನವೇ ಯಾರಾದರೂ ಕೈ ನೋಡಿದ್ದರೆ ಇಷ್ಟಾಗುತ್ತಿತ್ತೇ ಎಂದು ವೈದ್ಯೆಯನ್ನು ಕೇಳಿದೆ. ಖಂಡಿತವಾಗಿ ಹೇಳಲಾರೆ, ಆದರೆ ಬೇಗ ಬಂದಿದ್ದರೆ ಒಳ್ಳೆಯದಿತ್ತು ಎಂದರು. ನಾವು ಬೇಗ ಬಂದಿದ್ದೆವು, ನಾಲ್ಕನೆಯ ದಿನವೇ.

ಈಗ ಕೈ ಅರ್ಧ ಇಳಿದಿದೆ. ಹತ್ತು ನಿಮಿಷ ಕತ್ತರಿ ಆಡಿಸಿದರೆ ಮತ್ತೆ ಭಾರವಾಗಿ, ಬೆರಳು ಬಿಗಿದು, ಕತ್ತರಿ ತಾನೇ ಕೆಳಗಿಡಿಸಿಕೊಳ್ಳುತ್ತದೆ. ಬಟ್ಟೆ ಕತ್ತರಿಸುವುದನ್ನು ನಾನು ಮಾಡುತ್ತಿದ್ದೇನೆ, ಅಂಗಡಿಯಿಂದ ತಂದ ಬಲಗೈ ಕತ್ತರಿಯಲ್ಲಿ, ಅಕ್ಕನ ಬೈಗುಳದ ನೆರಳಿನಲ್ಲಿ. "ಗೆರೆ ಮೇಲೆ ಕತ್ತರಿಸು ಅಂದ್ರೆ ಗೆರೆ ಪಕ್ಕ ಹೋಗ್ತೀಯಲ್ಲೇ, ಕಣ್ಣು ಅಕ್ಷರಕ್ಕೆ ಮಾತ್ರನಾ?" ನಾನು ಕತ್ತರಿಸಿದ ತೋಳುಗಳು ಯಾರ ಭುಜಕ್ಕೂ ಕೂರುವುದಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಎದುರು ಬೀದಿಯ ದರ್ಜಿಯ ಕಡೆ ಹೋಗುತ್ತಿದ್ದಾರೆ, ಹೋಗುವಾಗ ಅಕ್ಕನನ್ನು ವಿಚಾರಿಸಿಕೊಂಡೇ ಹೋಗುತ್ತಾರೆ. ಅವಳು ನಗುತ್ತಲೇ ಉತ್ತರ ಕೊಡುತ್ತಾಳೆ, ಅವರು ಹೋದ ಮೇಲೆ ಹೊಲಿಗೆ ಯಂತ್ರದ ಮುಂದೆ ಬರಿದೇ ಕೂತಿರುತ್ತಾಳೆ.

ಒಂದು ದಾರಿಯಿದೆ. ರಕ್ತನಾಳದ ತಜ್ಞರೊಬ್ಬರು ತಮ್ಮ ಆಸ್ಪತ್ರೆಯಲ್ಲೇ, ತಮ್ಮ ಮಹಡಿಯಲ್ಲೇ ಕೂರುತ್ತಾರೆ. ಕಟ್ಟಿಕೊಂಡ ನಾಳವನ್ನು ಬಿಡಿಸಲು ಆಗುತ್ತದೋ ಇಲ್ಲವೋ ಅವರು ನೋಡಬೇಕು, ತಡವಾದಷ್ಟೂ ಕಷ್ಟ ಎಂದು ಸ್ಕ್ಯಾನಿಂಗ್ ವೈದ್ಯೆ ಅಂದೇ ಚೀಟಿ ಬರೆದುಕೊಟ್ಟರು. ಆ ಚೀಟಿ ತಮ್ಮ ಮೇಜಿನ ಮೇಲಿದೆ. ಯಾಕೆಂದರೆ ದೂರು ಕೊಟ್ಟ ರೋಗಿಯ ಚೀಟಿಗೆ ದೂರು ಪರಿಹಾರಾಧಿಕಾರಿಗಳ ಒಪ್ಪಿಗೆ ಸಹಿ ಬೇಕಂತೆ. ನಮ್ಮ ದೂರು ಊಟದ ದೂರಾಗಿ ಇತ್ಯರ್ಥವಾಗಿರುವುದರಿಂದ, ಊಟದ ದೂರಿಗೆ ರಕ್ತನಾಳದ ತಜ್ಞರು ಯಾಕೆ ಎಂದು ತಮ್ಮ ಕಚೇರಿ ಕೇಳಿತು. ಊಟವನ್ನು ಊತ ಎಂದು ತಿದ್ದಿಕೊಡಿ ಎಂದು ಅರ್ಜಿ ಬರೆದೆವು. ರೋಗಿಯೇ ಸಹಿ ಹಾಕಬೇಕು ಎಂಬ ನಿಯಮ. ಎಡಗೈ ಆಗ ಪೆನ್ನು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ, ಅಕ್ಕ ಬಲಗೈಯಲ್ಲಿ ಹೇಗೋ ಹಾಕಿದಳು. ಅರ್ಜಿ ವಾಪಸು ಬಂತು. ಕಾರಣ: "ಸಹಿಯು ದಾಖಲಾತಿ ಫಾರಮ್ಮಿನ ಸಹಿಯೊಂದಿಗೆ ಹೊಂದಿಕೆಯಾಗುತ್ತಿಲ್ಲ." ಎರಡು ತಿಂಗಳು ಕಾದು, ಊತ ಸ್ವಲ್ಪ ಇಳಿದ ಮೇಲೆ, ಎಡಗೈಯಲ್ಲೇ ಹಾಕಿ ಕಳಿಸಿದಳು. ಅಕ್ಷರಗಳು ಅಂಕುಡೊಂಕಾದವು. ಅದೂ ವಾಪಸು ಬಂತು. ಕಾರಣ: "ಈ ಸಹಿಯು ಹಿಂದಿನ ಎರಡು ಸಹಿಗಳಲ್ಲಿ ಯಾವುದಕ್ಕೂ ಹೊಂದಿಕೆಯಾಗುತ್ತಿಲ್ಲ." ಕೈ ಕೆಟ್ಟಿದೆ ಎಂಬ ದೂರನ್ನು, ಸಹಿ ಕೆಟ್ಟಿದೆ ಎಂಬ ಕಾರಣಕ್ಕೆ ತಿರಸ್ಕರಿಸಲು ಎಷ್ಟು ವರ್ಷದ ಸೇವಾನುಭವ ಬೇಕು, ಮಾನ್ಯರೇ? ಇದು ಒಬ್ಬರ ಕೈಲಿ ಆಗುವ ಕೆಲಸವಲ್ಲ, ಇಡೀ ಕಚೇರಿ ಸೇರಿರಬೇಕು.

ಹೋಲಿಸಿ ನೋಡಲೆಂದು ತಾವು ಮೂಲ ಫಾರಮ್ಮಿನ ನಕಲನ್ನೂ ಲಗತ್ತಿಸಿ ಕಳಿಸಿದಿರಿ. ಆ ಹಾಳೆಯನ್ನು ಮುಂದಿಟ್ಟುಕೊಂಡು ನಾನು ಇಡೀ ಮಧ್ಯಾಹ್ನ ಕೂತಿದ್ದೆ. ಕೆಳಗೆ ಅಕ್ಕನ ಸಹಿ, ಅದರ ಮೇಲೆ ಎಡದಿಂದ ಬಲಕ್ಕೆ ಅಂಗೈ ಎಳೆದ ಮಸಿಯ ಪಟ್ಟೆ. ಎಡಗೈಯಲ್ಲಿ ಬರೆದವರು ಮಾತ್ರ ಹಾಗೆ ಒರೆಸಲು ಸಾಧ್ಯ. ಅದೇ ಹಾಳೆಯ ಹದಿನಾಲ್ಕನೆಯ ಕಾಲಮ್ಮಿನಲ್ಲಿ ಬಲಗೈ ಎಂಬ ಅಚ್ಚಿನ ಗುರುತು. ಆ ಗುರುತು ಸುಳ್ಳು ಎನ್ನುವುದಕ್ಕೆ ಸಾಕ್ಷಿ ಅದೇ ಪುಟದಲ್ಲಿ, ನಾಲ್ಕು ಬೆರಳು ಕೆಳಗೆ, ನಾಲ್ಕು ತಿಂಗಳಿಂದ ತಮ್ಮ ಕಡತದಲ್ಲೇ ಇದೆ.

ಇನ್ನೂ ಒಂದಿದೆ. ಇದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ದಾಖಲಾತಿಯ ದಿನ ಆ ಮೂರು ಪುಟವನ್ನೂ ನಾನು ಓದಿದ್ದೆ. ಅಭ್ಯಾಸ, ಬಿಡದು. ಗುಮಾಸ್ತರಿಂದ ಪೆನ್ನು ಇಸಿದುಕೊಂಡು ಎರಡು ಕಾಗುಣಿತದ ತಪ್ಪು ತಿದ್ದಿ, ಅವರಿಗೆ ಒಂದು ಪಾಠವನ್ನೂ ಹೇಳಿ ಬಂದಿದ್ದೆ. ಒಂದು ತಪ್ಪು ಮೊದಲ ಪುಟದಲ್ಲಿತ್ತು. ಇನ್ನೊಂದು ಹದಿನಾಲ್ಕನೆಯ ಕಾಲಮ್ಮಿನಲ್ಲಿ. 'ಬಳಸುವ' ಎಂಬುದು 'ಬಳುಸುವ' ಎಂದು ಅಚ್ಚಾಗಿತ್ತು. ಆ ಬೇಡದ ಕೊಂಬನ್ನು ನಾನು ಹೊಡೆದು ಹಾಕಿದ್ದೇನೆ, ಅಂಚಿನಲ್ಲಿ ನನ್ನ ಕೈಯ ಗುರುತು ನಕಲಿನಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ಅದರ ಪಕ್ಕದಲ್ಲೇ, ಅರ್ಧ ಇಂಚು ಆಚೆ, ಬಲಗೈ ಎಂದು ಹಾಕಿದ್ದ ಗುರುತು ನನ್ನ ಕಣ್ಣಿಗೆ ಬೀಳಲಿಲ್ಲ. ಹುಟ್ಟಿದಾಗಿನಿಂದ ಅವಳ ಎಡಗೈ ನೋಡಿಕೊಂಡೇ ಬೆಳೆದವಳು ನಾನು. ಆ ಎಡಗೈಯಲ್ಲಿ ಬೆನ್ನಿಗೆ ಗುದ್ದು ತಿಂದವಳು ನಾನು. ನಕಲನ್ನು ಅಕ್ಕನಿಗೆ ತೋರಿಸಿ ಹೇಳಿದೆ. ಅವಳು ನೋಡಿ, "ಕೊಂಬು ಮಾತ್ರ ಚೆನ್ನಾಗಿ ಹೊಡೆದಿದ್ದೀಯಾ" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನನ್ನ ತಪ್ಪನ್ನು ನಾನು ಎಲ್ಲರೆದುರು ಒಪ್ಪಿಕೊಂಡಿದ್ದೇನೆ, ನಾಲಗೆ ಬಿದ್ದುಹೋಗಲಿಲ್ಲ. ಈಗ ತಮ್ಮ ಸರದಿ. ಫಾರಮ್ಮಿನ ಆ ಗುರುತನ್ನು ಅಚ್ಚಿನಿಂದ ತೆಗೆಸಿ. ಬಂದವರನ್ನು ಬಾಯಿಬಿಟ್ಟು ಕೇಳಿ, ಯಾವ ಕೈಯಲ್ಲಿ ಕೆಲಸ ಮಾಡುತ್ತೀರಿ ಎಂದು. ಅದಕ್ಕೆ ಹಿಡಿಯುವುದು ಒಂದು ಉಸಿರಿನಷ್ಟು ಹೊತ್ತು. ಯಂತ್ರ ನೋಡುವವರಿಗೆ ಅದರ ಪಕ್ಕದಲ್ಲೊಂದು ತೋಳು ಇರುತ್ತದೆ, ಅದು ಊದಿದರೆ ಆ ದಿನವೇ ಯಾರಿಗಾದರೂ ಹೇಳಬೇಕು ಎಂದು ಬರೆದು ಗೋಡೆಗೆ ಅಂಟಿಸಿ. ಬೇಕಿದ್ದರೆ ಕರಡು ನಾನು ತಿದ್ದಿಕೊಡುತ್ತೇನೆ. ಕಡತ ತೆಗೆದು ಊಟದ ಟ ಹೊಡೆದು ತ ಬರೆಯಿರಿ. ಇದೆಲ್ಲ ಈ ವಾರ ಆಗದಿದ್ದರೂ ನಾನು ಜಗಳವಾಡುತ್ತಾ ಕಾಯಬಲ್ಲೆ. ಕಾಯಲಾಗದ್ದು ಒಂದೇ, ಅಕ್ಕನ ಆ ಚೀಟಿ. ಅದು ತಮ್ಮ ಮೇಜಿನ ಮೇಲಿದೆ, ತಜ್ಞರ ಕೊಠಡಿ ತಮ್ಮ ಬಾಗಿಲಿನಿಂದ ಹದಿನೆಂಟು ಹೆಜ್ಜೆ. ನಡೆದು ಎಣಿಸಿದ್ದೇನೆ. ಬರುವ ಸೋಮವಾರ ಬೆಳಿಗ್ಗೆ ನಾವಿಬ್ಬರೂ ಆ ಹದಿನೆಂಟು ಹೆಜ್ಜೆಯ ನಡುವಿನ ಬೆಂಚಿನಲ್ಲಿ, ಅಳತೆ ಪುಸ್ತಕದೊಂದಿಗೆ ಕೂತಿರುತ್ತೇವೆ. ನಮಗೆ ಬೇಕಾದದ್ದು ತಮ್ಮದೊಂದು ಸಹಿ. ಅದು ಯಾವುದಕ್ಕೂ ಹೊಂದಿಕೆಯಾಗದಿದ್ದರೂ ಪರವಾಗಿಲ್ಲ, ಯಾವ ಕೈಯಲ್ಲಿ ಹಾಕಿದ್ದರೂ ನಮ್ಮದೇನೂ ಅಡ್ಡಿಯಿಲ್ಲ.

ಇಂತಿ,
ಕೊಂಬು ಕಂಡು ಕೈ ಕಾಣದೆ ಹೋದ
ಒತ್ತಕ್ಷರದಮ್ಮ

ಹಾಗೂ, ಈ ಪತ್ರಕ್ಕೆ ತಾನೂ ಸಹಿ ಹಾಕಲೇಬೇಕೆಂದು ಹಟ ಹಿಡಿದು, ಎಡಗೈಯಲ್ಲಿ ಅರ್ಧ ಹಾಕಿ, ಕೈ ಭಾರವಾಗಿ, ಉಳಿದರ್ಧ ಬಲಗೈಯಲ್ಲಿ ಮುಗಿಸಿದ
ಅವಳ ಅಕ್ಕ